ಯುಕಾತಾಗೆ ಲೈಕ್, ಧೋತ್ರಕ್ಕೆ ನಾಚಿಕೆ?

ವಿಡಿಯೊ ನೋಡೋಕೆ ಟೈಮ್ ಇಲ್ಲ, ಲೋಕಲ್‌ನಲ್ಲಿ ಓದ್ಕೋತೀವಿ ಅನ್ನೋರಿಗೆ ಈ ವಾರದ ಮಾತು ಬರಹದಲ್ಲಿ.

ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪ ಗದಗದಿಂದ ನಮ್ಮ ನೆರೂಳ್ ಮನೆಗೆ ಬಂದಿದ್ರು. ಸಂಜೆ ಮಾಲ್‌ಗೆ ಹೊರಟಾಗ, "ಅಪ್ಪಾ, ಧೋತ್ರ ಬ್ಯಾಡ, ಪ್ಯಾಂಟ್ ಹಾಕ್ಕೋರಿ" ಅಂದೆ. "ನೀವು ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ" ಅಂದ್ರು. ನಾವು ಹೋಗಿ ಬಂದ್ವಿ.

ಆಗಸ್ಟ್‌ನಲ್ಲಿ ನಮ್ಮ ಜಪಾನಿ ಕ್ಲೈಂಟ್ ಟೀಮಿನವರು ಪಟಾಕಿ ಉತ್ಸವದ ಫೋಟೊ ಚಾಟ್‌ಗೆ ಹಾಕಿದ್ರು. ಎಲ್ಲರೂ ಯುಕಾತಾ ತೊಟ್ಟಿದ್ರು. ಮೊದಲು ಹಾರ್ಟ್ ಒತ್ತಿದವನು ನಾನೇ. ಆಮೇಲೆ ಅಪ್ಪ ನೆನಪಾದ್ರು.

ಈ ಯುಕಾತಾ ಅಂದ್ರೆ ಏನು? 'ಯುಕಾತಾಬಿರಾ' ಅನ್ನೋ ಪದ ಸವೆದು ಆದ ಹೆಸರು. 'ಯು' ಅಂದ್ರೆ ಸ್ನಾನದ ಬಿಸಿನೀರು, 'ಕಾತಾಬಿರಾ' ಅಂದ್ರೆ ಅಸ್ತರ್ ಇಲ್ಲದ ತೆಳು ನಿಲುವಂಗಿ. ಮೊದಲು ಶ್ರೀಮಂತರು ಹಬೆಸ್ನಾನಕ್ಕೆ ತೊಡುತ್ತಿದ್ದದ್ದು. ಎಡೊ ಕಾಲದಲ್ಲಿ ಸಾರ್ವಜನಿಕ ಸ್ನಾನಗೃಹಗಳು ಹೆಚ್ಚಿದವು, ಹತ್ತಿಬಟ್ಟೆ ಸಾಮಾನ್ಯರ ಕೈಗೂ ಸಿಕ್ಕಿತು, ಯುಕಾತಾ ಎಲ್ಲರದ್ದಾಯ್ತು. ಕಿಮೊನೊ ಥರ ಒಳನಿಲುವಂಗಿ ಬೇಡ. ಒಂದೇ ಪದರ ಹತ್ತಿ, ಅಗಲ ತೋಳು, ಗಾಳಿ ಆಡುತ್ತೆ. ಎಡಭಾಗ ಯಾವಾಗಲೂ ಬಲಭಾಗದ ಮೇಲೆ ಬರಬೇಕು. ಉಲ್ಟಾ ಸುತ್ತೋದು ಶವಕ್ಕೆ ಮಾತ್ರ.

ಇಂಜಿನಿಯರ್‌ಗೆ ಇಷ್ಟ ಆಗೋದು ಇದರ ಕಟಿಂಗ್. ಸುಮಾರು 12 ಮೀಟರ್ ಉದ್ದ, 36–38 ಸೆಂ.ಮೀ ಅಗಲದ ಒಂದು ಥಾನು. ಎಲ್ಲಾ ನೇರ ತುಂಡುಗಳು, ಬಟ್ಟೆ ವ್ಯರ್ಥ ಆಗೋದೇ ಇಲ್ಲ ಅನ್ನಬಹುದು. ಹಳತಾದ್ರೆ ಹೊಲಿಗೆ ಬಿಚ್ಚಿ ಮಗುವಿಗೆ ಲಂಗೋಟಿ, ಆಮೇಲೆ ಒರೆಸೋ ಬಟ್ಟೆ. ಕೇಳಿದ ಹಾಗಿದೆಯಲ್ಲ? ನಮ್ಮ ಅಜ್ಜಿ ಹಳೇ ಧೋತ್ರದಿಂದ ಮಾಡ್ತಿದ್ದದ್ದೂ ಅದನ್ನೇ. ಉಳಿದದ್ದು ಕೌದಿಗೆ. ಧೋತ್ರಕ್ಕಂತೂ ಕತ್ತರಿಯೇ ತಾಗಿಲ್ಲ.

ಇನ್ನೊಂದು ನಂಟಿದೆ. ಹಾರ್ಬರ್ ಲೈನ್‌ನಲ್ಲಿ ಕಾಟನ್ ಗ್ರೀನ್ ಸ್ಟೇಷನ್ ದಿನಾ ದಾಟ್ತೀವಿ. ಹೆಸರೇ ಹೇಳೋ ಹಾಗೆ ಅದು ಹತ್ತಿ ವ್ಯಾಪಾರದ ಜಾಗ. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಬಾಂಬೆಗೆ ಬರ್ತಿತ್ತು, ಹಾಗಾಗಿ ಪೇಟೆಯಲ್ಲಿ ಅದರ ಹೆಸರೇ 'ಕುಮಟಾ'. 1893ರಲ್ಲಿ ಜಮ್‌ಶೇಟ್‌ಜಿ ಟಾಟಾ ಜತೆ ಸೇರಿ ನಿಪ್ಪಾನ್ ಯೂಸೆನ್ ಕೈಶಾ ಕಂಪನಿ ಬಾಂಬೆ–ಕೋಬೆ ಹಡಗು ಶುರು ಮಾಡಿತು. ಮುಖ್ಯ ಸರಕು ಜಪಾನಿನ ಗಿರಣಿಗಳಿಗೆ ಬೇಕಾದ ಹತ್ತಿ.

ಸರಿ, ಯುಕಾತಾ ಇವತ್ತು ಹೇಗೆ ಉಳಿದಿದೆ? ದಿನಬಳಕೆಯಲ್ಲಿ ಅಲ್ಲ. ಅಲ್ಲೂ ಆಫೀಸ್‌ಗೆ ಶರ್ಟು-ಪ್ಯಾಂಟೇ. ಆದರೆ ಅದಕ್ಕೊಂದು ಸಂದರ್ಭ ಉಳಿಸಿಕೊಂಡ್ರು: ಬೇಸಿಗೆಯ ಪಟಾಕಿ ಉತ್ಸವ, ಬೋನ್ ಹಬ್ಬದ ಕುಣಿತ, ಬಿಸಿನೀರಿನ ಬುಗ್ಗೆಯ ವಸತಿಗೃಹ. ಎರಡನೇದು, ಸುಲಭ ಮಾಡಿದ್ರು. ಮೊದಲೇ ಗಂಟು ಕಟ್ಟಿಟ್ಟ ಸೊಂಟಪಟ್ಟಿ, ಎರಡು ಭಾಗದ ರೆಡಿಮೇಡ್ ಯುಕಾತಾ ಸಿಗುತ್ತೆ. ಯೂನಿಕ್ಲೊ ಕೂಡ ಮಾರಿದೆ. ನಮ್ಮಲ್ಲೂ ವೆಲ್ಕ್ರೊ ಪಂಚೆ ಬಂದಿದೆ. ನಾವು ಅದನ್ನ ನೋಡಿ ನಗ್ತೀವಿ. ನಗೋ ಬದಲು ಒಂದು ತಗೊಂಡ್ರೆ ಕಲಿಯೋಕೆ ದಾರಿ ಆಗುತ್ತೆ.

2024ರ ಜುಲೈನಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನ ಪಂಚೆ ಉಟ್ಟಿದ್ದಕ್ಕೆ ಬೆಂಗಳೂರಿನ ಮಾಲ್ ಒಂದರಲ್ಲಿ ಒಳಗೆ ಬಿಡಲಿಲ್ಲ. ಏಳು ದಿನ ಮಾಲ್ ಮುಚ್ಚಿಸ್ತೀವಿ ಅಂತ ಸರ್ಕಾರ ಹೇಳಿತು. ಆಗ ಸಿಟ್ಟಿನಿಂದ ಪೋಸ್ಟ್ ಹಾಕಿದವರಲ್ಲಿ ನಾನೂ ಒಬ್ಬ. ಮುಂದಿನ ವರ್ಷ ನನ್ನ ಮನೆ ಬಾಗಿಲಲ್ಲಿ ಅಪ್ಪನ್ನ ತಡೆದವನೂ ನಾನೇ. ಬಟ್ಟೆಗಳನ್ನ ಫ್ಯಾಶನ್ ಸಾಯಿಸಲ್ಲ, ಮನೆಯವರ ನಾಚಿಕೆ ಸಾಯಿಸುತ್ತೆ.

ಈ ಮೇನಲ್ಲಿ ಅಪ್ಪ ಮತ್ತೆ ಬರ್ತಾರೆ. ಕಚ್ಚೆ ಹಾಕೋದು ಕಲಿಸ್ರಿ ಅಂತ ಫೋನ್‌ನಲ್ಲಿ ಕೇಳಿದೆ. "ಮೊದಲು ಧೋತ್ರ ತಗೊಂಡಿಯೇನು?" ಅಂದ್ರು. ಎರಡು ತಗೊಂಡೀನಿ. ಒಂದು ಭಾನುವಾರ ಇಬ್ಬರೂ ಉಟ್ಕೊಂಡು ಮಾಟುಂಗಾಕ್ಕೆ ಇಡ್ಲಿ ತಿನ್ನೋಕೆ ಹೋಗೋದು ಅಂತ ಪ್ಲ್ಯಾನ್. ಲೋಕಲ್‌ನಲ್ಲಿ ಯಾರಾದ್ರೂ ನೋಡಿದ್ರೆ ನೋಡ್ಲಿ.

ಸಿಗೋಣ ಮುಂದಿನ ವಾರ.