ಪರ್ಲ್ ಹುಡುಕುವ ದಾರಿ: ಹಳೆಯ ಜಾಲತಾಣ ದಿಢೀರನೆ ಕೆಡುವುದೇಕೆ?

ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ಜಾಲತಾಣದ ಸಂಪರ್ಕ ನಮೂನೆಯೊಂದು ಒಂದು ದಿನ ‘500 ಇಂಟರ್ನಲ್ ಸರ್ವರ್ ಎರರ್’ ಎಂದು ಕೈಚೆಲ್ಲುತ್ತದೆ. ಸ್ಕ್ರಿಪ್ಟನ್ನು ಯಾರೂ ಮುಟ್ಟಿರುವುದಿಲ್ಲ. ಹೋಸ್ಟಿಂಗ್ ಸಂಸ್ಥೆ ಸರ್ವರ್‌ನಲ್ಲಿದ್ದ ಹಳೆಯ ಪರ್ಲ್ ತೆಗೆದು ಹೊಸ ಆವೃತ್ತಿ ಅಳವಡಿಸಿರುತ್ತದೆ, ಅಷ್ಟೆ. ಎರರ್ ಲಾಗ್ ತೆರೆದರೆ ‘ಕಾಂಟ್ ಲೊಕೇಟ್’ ಎಂದು ಆರಂಭವಾಗುವ ಸಾಲು ಕಾಣುತ್ತದೆ. ಬೇಕಾದ ಮಾಡ್ಯೂಲ್ ಸಿಗಲಿಲ್ಲ ಎಂಬುದು ಅದರ ಅರ್ಥ.

1987ರಲ್ಲಿ ಲ್ಯಾರಿ ವಾಲ್ ಬಿಡುಗಡೆ ಮಾಡಿದ ಪರ್ಲ್ ಭಾಷೆಯು ಈಗ ಮಾಡ್ಯೂಲ್‌ಗಳನ್ನು ಹುಡುಕುವುದು ‘ಐಎನ್‌ಸಿ’ ಎಂಬ ಪಟ್ಟಿಯಲ್ಲಿರುವ ಡೈರೆಕ್ಟರಿಗಳಲ್ಲಿ, ಅದೇ ಕ್ರಮದಲ್ಲಿ. ಮೊದಲು ಸಿಕ್ಕ ಕಡತವೇ ಅಂತಿಮ. ಹಿಂದೆ ಈ ಪಟ್ಟಿಯ ಕೊನೆಗೆ ಒಂದು ಚುಕ್ಕಿ ಇರುತ್ತಿತ್ತು. ಅದು ಪ್ರೋಗ್ರಾಂ ಆಗ ನಡೆಯುತ್ತಿರುವ ಡೈರೆಕ್ಟರಿಯ ಗುರುತು. 2017ರ ಮೇ ತಿಂಗಳಲ್ಲಿ ಬಂದ 5.26ನೇ ಆವೃತ್ತಿ ಆ ಚುಕ್ಕಿಯನ್ನು ಕೈಬಿಟ್ಟಿತು. ಸ್ಕ್ರಿಪ್ಟಿನ ಪಕ್ಕದಲ್ಲೇ ಮಾಡ್ಯೂಲ್ ಇಟ್ಟು ಚುಕ್ಕಿಯನ್ನೇ ನಂಬಿದ್ದವರಿಗೆ ಪೆಟ್ಟು ಬಿದ್ದದ್ದು ಇಲ್ಲಿಯೇ.

ಬದಲಾವಣೆಗೆ ಕಾರಣ ಭದ್ರತೆ. ಎಲ್ಲರೂ ಬರೆಯಬಹುದಾದ ತಾತ್ಕಾಲಿಕ ಡೈರೆಕ್ಟರಿಯಿಂದ ಪರ್ಲ್ ಪ್ರೋಗ್ರಾಂ ನಡೆಸಿದರೆ, ಸರ್ವರ್‌ನಲ್ಲಿಲ್ಲದ ಮಾಡ್ಯೂಲ್‌ನ ಹೆಸರಿನಲ್ಲಿ ಬೇರೊಬ್ಬರು ಅಲ್ಲಿಟ್ಟ ಕಡತವೂ ಚಾಲನೆಗೊಳ್ಳುತ್ತಿತ್ತು. ಹಲವು ಗಿರಾಕಿಗಳು ಒಂದೇ ಯಂತ್ರ ಹಂಚಿಕೊಂಡಿರುವಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ, ಚುಕ್ಕಿಯನ್ನು ಮರಳಿ ಸೇರಿಸಿಬಿಡಿ ಎಂಬ ಸುಲಭ ಸಲಹೆ ಒಪ್ಪತಕ್ಕದ್ದಲ್ಲ.

ಸ್ಕ್ರಿಪ್ಟಿನ ಆರಂಭದಲ್ಲಿ ‘ಯೂಸ್ ಲಿಬ್’ ಸಾಲು ಬರೆದು, ಸ್ವಂತ ಹೋಮ್ ಡೈರೆಕ್ಟರಿಯೊಳಗಿನ ಮಾಡ್ಯೂಲ್ ಡೈರೆಕ್ಟರಿಯ ಪೂರ್ಣ ವಿಳಾಸ ನೀಡುವುದೇ ಸರಿಯಾದ ಮಾರ್ಗ. ಆ ವಿಳಾಸ ಪಟ್ಟಿಯ ತಲೆಗೇ ಸೇರುತ್ತದೆ. ಮಾಡ್ಯೂಲ್ ಕರೆಯುವ ಸಾಲು ಇದಾದ ಮೇಲೆ ಬರಬೇಕು. ಡೈರೆಕ್ಟರಿಯನ್ನು ಬ್ರೌಸರ್‌ಗೆ ಎಟುಕದ ಜಾಗದಲ್ಲಿಡುವುದು ಲೇಸು. ತಾಣವನ್ನು ಆಗಾಗ್ಗೆ ಸ್ಥಳಾಂತರಿಸುವವರಿಗೆ, ಸ್ಕ್ರಿಪ್ಟ್ ಇರುವ ಜಾಗವನ್ನು ತಾನೇ ಪತ್ತೆಹಚ್ಚುವ ‘ಫೈಂಡ್‌ಬಿನ್’ ಮಾಡ್ಯೂಲ್ ನೆರವಾಗುತ್ತದೆ.

ಅನೇಕರು ಎಡವುವುದು ‘ಪರ್ಲ್5ಲಿಬ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ. ಶೆಲ್‌ನಲ್ಲಿ ಅದಕ್ಕೆ ವಿಳಾಸ ಕೊಟ್ಟು ಪರೀಕ್ಷಿಸಿದಾಗ ಸ್ಕ್ರಿಪ್ಟ್ ಸಲೀಸಾಗಿ ಓಡುತ್ತದೆ; ಬ್ರೌಸರ್‌ನಲ್ಲಿ ಮತ್ತದೇ ಎರರ್. ಗ್ರಾಹಕರ ಶೆಲ್ ಪ್ರೊಫೈಲನ್ನು ವೆಬ್ ಸರ್ವರ್ ಓದುವುದೇ ಇಲ್ಲ. ‘ಟೇಂಟ್’ ಭದ್ರತಾ ವಿಧಾನದಲ್ಲಂತೂ ಪರ್ಲ್ ಸ್ವತಃ ಈ ವೇರಿಯಬಲನ್ನು ಕಡೆಗಣಿಸುತ್ತದೆ.

ವಿಳಾಸ ಸರಿಯಿದ್ದೂ ದೋಷ ಮುಂದುವರಿದರೆ, ಮಾಡ್ಯೂಲ್‌ನಲ್ಲಿ ಸಿ ಭಾಷೆಯ ಭಾಗವಿದೆಯೇ ಎಂದು ನೋಡಬೇಕು. ಹಳೆಯ ಆವೃತ್ತಿಗೆ ಕಂಪೈಲ್ ಆದ ಅಂಥ ಮಾಡ್ಯೂಲ್‌ಗಳನ್ನು ಹೊಸ ಪರ್ಲ್‌ನಲ್ಲಿ ಮತ್ತೊಮ್ಮೆ ಅನುಸ್ಥಾಪಿಸಬೇಕಾಗುತ್ತದೆ.