ಗಯ್ಯಾರ್ ಕೋಟೆಯ ಲೆಕ್ಕಪತ್ರ

ಪ್ಯಾರಿಸ್ಸಿನಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಸೀನ್ ನದಿ ಬಾಗುವೆಡೆಯ ಸುಣ್ಣಕಲ್ಲಿನ ಬೆಟ್ಟದ ಮೇಲೆ ಶಾತೊ ಗಯ್ಯಾರ್ ಕೋಟೆಯ ಅವಶೇಷಗಳಿವೆ. ಊರಿನಿಂದ ಏರುವ ದಾರಿ ಕಡಿದು. ನನ್ನ ವಯಸ್ಸಿನವರು ಒಂದೆರಡು ಕಡೆ ಕುಳಿತು ಸುಧಾರಿಸಿಕೊಳ್ಳಬೇಕು. 1599ರಲ್ಲಿ ನಾಲ್ಕನೇ ಹೆನ್ರಿ ಕೆಡವಲು ಆಜ್ಞೆಯಿತ್ತ ಮೇಲೆ ಉಳಿದದ್ದು ಮುರಿದ ಬುರುಜು, ಅಲೆಯಲೆಯಾಗಿ ಉಬ್ಬಿದ ಒಳಗೋಡೆ.

ಇಂಗ್ಲೆಂಡಿನ ಒಂದನೇ ರಿಚರ್ಡ್ ಇದನ್ನು ಕಟ್ಟಿಸಿದ್ದು 1196ರಿಂದ 1198ರೊಳಗೆ. ನೆಲ ರುವಾನಿನ ಆರ್ಚ್‌ಬಿಷಪ್‌ಗೆ ಸೇರಿದ್ದು. ಒಪ್ಪಿಗೆಯಿಲ್ಲದೆ ವಶಪಡಿಸಿಕೊಂಡದ್ದಕ್ಕೆ ಆತ ನಾರ್ಮಂಡಿಯಲ್ಲೆಲ್ಲ ಧಾರ್ಮಿಕ ವಿಧಿಗಳನ್ನು ನಿಲ್ಲಿಸಿದ. ಕಡೆಗೆ ಬದಲಿ ಆಸ್ತಿ ಕೊಟ್ಟು ವ್ಯಾಜ್ಯ ಮುಗಿಸಲಾಯಿತು. ಭೂಸ್ವಾಧೀನದ ಕಡತ ನೋಡಿದವರಿಗೆ ಇದೇನೂ ಹೊಸತಲ್ಲ. ಖರ್ಚಿನ ಲೆಕ್ಕವೂ ಉಳಿದುಬಂದಿದೆ: ಆ ಕಾಲದ ಸುಮಾರು 12,000 ಪೌಂಡ್. ಇಡೀ ಆಳ್ವಿಕೆಯಲ್ಲಿ ಇಂಗ್ಲೆಂಡಿನ ಕೋಟೆಗಳಿಗೆಲ್ಲ ಆತ ವೆಚ್ಚ ಮಾಡಿದ್ದು ಇದಕ್ಕಿಂತ ಕಡಿಮೆ.

ರಿಚರ್ಡ್ 1199ರಲ್ಲಿ ತೀರಿಕೊಂಡ. 1203ರಲ್ಲಿ ಫ್ರಾನ್ಸಿನ ದೊರೆ ಎರಡನೇ ಫಿಲಿಪ್ ಮುತ್ತಿಗೆ ಹಾಕಿದಾಗ ಕೆಳಗಿನ ಊರಿನ ಜನ ಕೋಟೆಯೊಳಕ್ಕೆ ಓಡಿಬಂದರು. ಕೋಟೆಯ ಅಧಿಕಾರಿ ರೋಜರ್ ಡಿ ಲೇಸಿ ದವಸದ ಲೆಕ್ಕ ಹಾಕಿ, ಕಾದಾಡಲಾರದವರನ್ನು ತಂಡತಂಡವಾಗಿ ಹೊರಗೆ ಕಳುಹಿಸಿದ. ಮೊದಲ ತಂಡಗಳಿಗೆ ಫ್ರೆಂಚ್ ಪಡೆ ದಾರಿ ಬಿಟ್ಟಿತು. ಫಿಲಿಪ್ ಅದನ್ನು ನಿಷೇಧಿಸಿದ. ಕೊನೆಯ ತಂಡದ ಮೇಲೆ ಬಾಣಗಳು ಬಿದ್ದವು. ಹಿಂದಿರುಗಿದರೆ ಕೋಟೆಯ ಬಾಗಿಲು ಮುಚ್ಚಿತ್ತು. ನೂರಾರು ಜನ, ಹೆಂಗಸರು ಮಕ್ಕಳೆನ್ನದೆ, ಚಳಿಗಾಲದಲ್ಲಿ ಎರಡು ಸೈನ್ಯಗಳ ನಡುವಿನ ಇಳಿಜಾರಿನಲ್ಲಿ ಸೊಪ್ಪುಸದೆ ತಿಂದುಕೊಂಡಿದ್ದರು. ಕಡೆಗೆ ಫಿಲಿಪ್ಪನೇ ಕನಿಕರಿಸಿ ಆಹಾರ ಕೊಡಿಸುವ ಹೊತ್ತಿಗೆ ಬಹಳ ಮಂದಿ ಸತ್ತಿದ್ದರು. ಇದನ್ನು ಬರೆದಿಟ್ಟವನು ಫಿಲಿಪ್ಪನ ಆಸ್ಥಾನದ ಪಾದ್ರಿ. ದೊರೆಯ ಕನಿಕರದ ಭಾಗವನ್ನು ತುಸು ಎಚ್ಚರದಿಂದ ಓದುವುದು ಒಳ್ಳೆಯದು. 1204ರ ಮಾರ್ಚ್ 6ರಂದು ಕೋಟೆ ಹೇಗೂ ಬಿತ್ತು. ಅದೇ ವರ್ಷ ರುವಾನ್ ಕೂಡ ಶರಣಾಯಿತು.

ಡಿ ಲೇಸಿಯನ್ನು ಕ್ರೂರಿಯೆಂದು ತಳ್ಳಿಹಾಕಲು ನನಗೆ ಸಾಧ್ಯವಾಗಲಿಲ್ಲ. ಎಂಬತ್ತರ ದಶಕದ ಬರಗಾಲದಲ್ಲಿ ತಾಲ್ಲೂಕೊಂದರ ಪರಿಹಾರ ಕಾಮಗಾರಿ ನನ್ನ ಸುಪರ್ದಿಯಲ್ಲಿತ್ತು. ಪಕ್ಕದ ತಾಲ್ಲೂಕಿನಿಂದ ವಲಸೆ ಬಂದಿದ್ದ ಕೆಲವು ಸಂಸಾರಗಳ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆಸಿದೆ. ಮಂಜೂರಾದ ಹಣ ನಮ್ಮವರಿಗೇ ಸಾಲುತ್ತಿರಲಿಲ್ಲ, ಲೆಕ್ಕದಲ್ಲಿ ತಪ್ಪಿರಲಿಲ್ಲ. ನಿಮ್ಮ ತಾಲ್ಲೂಕಿನಲ್ಲೇ ಕೂಲಿ ಸಿಗುತ್ತದೆ, ಹೋಗಿ ಎಂದಿದ್ದೆ. ಎರಡು ವಾರ ಕಳೆದು ವಿಚಾರಿಸಿದಾಗ ಅಲ್ಲಿ ಕೆಲಸ ಆರಂಭವೇ ಆಗಿರಲಿಲ್ಲ. ಜೀಪು ಕಳುಹಿಸಿ ಹುಡುಕಿಸಿದೆ. ಆ ಸಂಸಾರಗಳು ಎತ್ತ ಹೋದವೆಂದು ಯಾರಿಗೂ ತಿಳಿದಿರಲಿಲ್ಲ.