ಬೆಳಗ್ಗೆ ಐದೂವರೆಯ ಗುಂಪು ಓಟ: ಜೋರಾಗಿ ಓಡೋದಷ್ಟೇ ಅಲ್ಲ, ನಡುವೆ ನಿಲ್ಲೋದೂ ಗೊತ್ತಿರಬೇಕು

ದಾವಣಗೆರೆ: ಜಿಲ್ಲೆಯ ಯಾವ ತಾಲೂಕು ಕೇಂದ್ರದ ಮೈದಾನಕ್ಕೆ ಬೆಳಗ್ಗೆ ಐದೂವರೆಗೆ ಹೋದರೂ ಎರಡು ಥರದ ಜನ ಸಿಗ್ತಾರೆ. ಒಂದು, ಪೊಲೀಸ್ ಮತ್ತು ಅಗ್ನಿವೀರ್ ದೈಹಿಕ ಪರೀಕ್ಷೆಗೆ ತಯಾರಿ ನಡೆಸೋ ಹುಡುಗ-ಹುಡುಗಿಯರು. ಇನ್ನೊಂದು, ಅಂಗಡಿ ಶಟರ್ ಎತ್ತೋದರೊಳಗೆ ನಾಲ್ಕು ಸುತ್ತು ಹಾಕಿ ಮನೆ ಸೇರೋ ನಲವತ್ತು ದಾಟಿದವರು. ಕಿರಾಣಿಯವರು, ಬಟ್ಟೆ ಅಂಗಡಿಯವರು, ಮೆಡಿಕಲ್ ಶಾಪ್‌ನವರು, ದಲಾಲಿ ಅಂಗಡಿಯವರು. ಮೊದಲಿನವರು ದಿನಾ ಉಸಿರು ಕಟ್ಟೋ ಹಾಗೆ ಓಡ್ತಾರೆ. ಎರಡನೆಯವರದು ವರ್ಷಗಟ್ಟಲೆ ಅದೇ ನಿಧಾನದ ನಡಿಗೆ. ಸ್ವಲ್ಪ ದಿನ ಆದ ಮೇಲೆ ಇಬ್ಬರದೂ ಒಂದೇ ದೂರು: ಎಷ್ಟು ಮಾಡಿದರೂ ಮುಂದಕ್ಕೇ ಹೋಗ್ತಿಲ್ಲ ನೋಡ್ರಿ.

ಇದಕ್ಕೆ ಓಟದ ಗುಂಪುಗಳು ಹಿಡಿದಿರೋ ದಾರಿ ಇಂಟರ್‌ವಲ್ ಅಭ್ಯಾಸ. ಹೆಸರು ಕೇಳಿ ದೊಡ್ಡದೇನೋ ಅಂದುಕೊಳ್ಳಬೇಡಿ. ಸ್ವಲ್ಪ ದೂರ ಜೋರಾಗಿ ಓಡೋದು, ಸ್ವಲ್ಪ ಹೊತ್ತು ನಡೆಯೋದು, ಮತ್ತೆ ಓಡೋದು, ಅಷ್ಟೇ. ಆದರೆ ಎಷ್ಟು ಓಡಬೇಕು, ಎಷ್ಟು ನಡೀಬೇಕು ಅನ್ನೋ ಲೆಕ್ಕ ತಪ್ಪಿದರೆ ಲಾಭ ಹೋಗಲಿ, ಮೊಣಕಾಲೋ ಎದೆಯೋ ಕೈಕೊಡುತ್ತೆ.

ಉದ್ರಿ ಲೆಕ್ಕ

ಅಂಗಡಿಯವರಿಗೆ ಇದನ್ನ ಹೇಳೋದು ಸುಲಭ. ನಿಧಾನಕ್ಕೆ ನಡೆಯುವಾಗ ದೇಹ ನಗದು ವ್ಯಾಪಾರ ಮಾಡುತ್ತೆ. ಸ್ನಾಯುವಿಗೆ ಬೇಕಾದಷ್ಟು ಆಮ್ಲಜನಕ ಆಗಿಂದಾಗ್ಗೆ ಬರ್ತಾ ಇರುತ್ತೆ, ಖರ್ಚಾಗ್ತಾ ಇರುತ್ತೆ. ಜೋರಾಗಿ ಓಡಿದಾಗ ಬರೋದಕ್ಕಿಂತ ಬೇಡಿಕೆ ಹೆಚ್ಚಾಗುತ್ತೆ, ಆಗ ದೇಹ ಉದ್ರಿ ಮಾಡುತ್ತೆ. ಓಟ ನಿಲ್ಲಿಸಿದ ಮೇಲೂ ಎರಡು ಮೂರು ನಿಮಿಷ ಏದುಸಿರು ಬಿಡ್ತೀವಲ್ಲ, ಆ ಉದ್ರಿಯ ವಸೂಲಿಯೇ ಅದು.

ಇಂಟರ್‌ವಲ್ ಅಂದರೆ ಮಿತಿಯಲ್ಲಿ ಉದ್ರಿ ಮಾಡಿ, ಮುಕ್ಕಾಲು ಪಾಲು ತೀರಿಸಿ, ಮತ್ತೆ ಉದ್ರಿಗೆ ಹೋಗೋದು. ಪೂರ್ತಿ ತೀರಿಸಿ ಆರಾಮಾಗಿ ಹರಟೆ ಹೊಡೆದು ಮತ್ತೆ ಓಡಿದರೆ ಹೃದಯಕ್ಕೆ ಕೆಲಸ ಕಡಿಮೆ. ಏನೂ ತೀರಿಸದೆ ಮತ್ತೆ ಓಡಿದರೆ ಮೂರನೇ ಸಲಕ್ಕೇ ದಿವಾಳಿ. ಹೀಗೆ ತುಂಡು ತುಂಡಾಗಿ ಮಾಡಿದಾಗ, ಒಂದೇ ಉಸಿರಿಗೆ ಓಡಿದ್ದಕ್ಕಿಂತ ಹೆಚ್ಚು ಹೊತ್ತು ಜೋರಿನ ವೇಗದಲ್ಲಿ ಕಳೆಯೋಕೆ ಆಗುತ್ತೆ. ಕೆಲವು ವಾರಗಳಲ್ಲಿ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳೋದು ಕಲಿಯುತ್ತೆ.

ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. 1930ರ ದಶಕದಲ್ಲಿ ಜರ್ಮನಿಯಲ್ಲಿ ವಾಲ್ಡೆಮರ್ ಗರ್ಶ್ಲರ್ ಎಂಬ ಕೋಚ್ ಮತ್ತು ಹರ್ಬರ್ಟ್ ರೈಂಡೆಲ್ ಎಂಬ ಹೃದಯ ವೈದ್ಯ ಸೇರಿ ಇದನ್ನ ಶಾಸ್ತ್ರೀಯವಾಗಿ ರೂಪಿಸಿದರು. ಓಟದಲ್ಲಿ ನಾಡಿ 180ರ ಹತ್ತಿರ ಹೋಗಬೇಕು, ನಿಂತ ಮೇಲೆ ಒಂದೂವರೆ ನಿಮಿಷದೊಳಗೆ 120ಕ್ಕೆ ಇಳಿಯಬೇಕು, ಇಳಿಯದಿದ್ದರೆ ಓಟ ಅತಿಯಾಯ್ತು ಅಂತ ಅರ್ಥ ಅನ್ನೋದು ಅವರ ಲೆಕ್ಕ. (180 ಅನ್ನೋದು ಎಳೆಯ ಓಟಗಾರರಿಗೆ. ಐವತ್ತರ ಯಜಮಾನರು ಇದನ್ನ ಪ್ರಯೋಗ ಮಾಡಬಾರದು.) ಗರ್ಶ್ಲರ್ ಹತ್ತಿರ ಪಳಗಿದ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನ 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ.

ನಮಗೆ ಹೆಚ್ಚು ಹತ್ತಿರವಾಗೋದು ರೋಜರ್ ಬ್ಯಾನಿಸ್ಟರ್ ಕತೆ. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಒಂದು ಮೈಲಿಯನ್ನ 3 ನಿಮಿಷ 59.4 ಸೆಕೆಂಡಿನಲ್ಲಿ ಮುಗಿಸಿ, ನಾಲ್ಕು ನಿಮಿಷದ ಗೆರೆ ದಾಟಿದ ಮೊದಲ ಮನುಷ್ಯ. ಆಗ ಅವರು ಲಂಡನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಟೈಮ್ ಸಿಗ್ತಿದ್ದದ್ದು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಾತ್ರ. ಆ ಬಿಡುವಿನಲ್ಲೇ ಕಾಲು ಮೈಲಿಯ ಓಟ ಹತ್ತು ಸಲ, ನಡುವೆ ಎರಡೆರಡು ನಿಮಿಷ ವಿರಾಮ. ಚಳಿಗಾಲದಲ್ಲಿ ಒಂದೊಂದಕ್ಕೆ 66 ಸೆಕೆಂಡ್ ಹಿಡೀತಿದ್ದದ್ದು, ದಾಖಲೆ ಹೊತ್ತಿಗೆ ಒಂದು ನಿಮಿಷದೊಳಗೆ ಬಂದಿತ್ತು. ಟೈಮೇ ಇಲ್ಲ ಅನ್ನೋರಿಗೆ ಇದು ಗೊತ್ತಿರಲಿ.

1600 ಮೀಟರ್ ಹುಡುಗರಿಗೆ

ಮೈಲಿ ಅಂದರೆ 1609 ಮೀಟರ್. ನಮ್ಮ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯ ಓಟ 1600 ಮೀಟರ್, ಪುರುಷರಿಗೆ 6 ನಿಮಿಷ 30 ಸೆಕೆಂಡ್. ಮಹಿಳೆಯರಿಗೆ 400 ಮೀಟರ್, 2 ನಿಮಿಷ. (ಅರ್ಜಿ ಹಾಕೋ ಮುಂಚೆ ಆ ಸಲದ ಅಧಿಸೂಚನೆ ನೋಡಿಕೊಳ್ಳಿ.)

ಬಹಳ ಹುಡುಗರು ಮಾಡೋ ತಪ್ಪು ಒಂದೇ. ದಿನಾ ಬೆಳಗ್ಗೆ ಬಂದು 1600 ಮೀಟರನ್ನ ಪ್ರಾಣ ಬಿಟ್ಟು ಓಡಿ, ವಾಚ್ ನೋಡಿ, ಬೇಜಾರು ಮಾಡಿಕೊಂಡು ಹೋಗೋದು. ಅದು ದಿನಾ ಪರೀಕ್ಷೆ ಬರೆದ ಹಾಗೆ, ಓದು ಯಾವಾಗ? ತಿಂಗಳೊಳಗೆ ಮೊಣಕಾಲಿನ ಕೆಳಗಿನ ಮುಂಭಾಗದ ಎಲುಬು ನೋಯೋಕೆ ಶುರುವಾಗುತ್ತೆ. ನೋವು ಬಂದ ಮೇಲೂ ಸ್ಪ್ರೇ ಹೊಡೆದುಕೊಂಡು ಓಡಿದರೆ ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟು, ದೈಹಿಕ ಪರೀಕ್ಷೆ ದಿನ ಮನೇಲಿ ಕೂರಬೇಕಾಗುತ್ತೆ. ಎರಡು ವರ್ಷ ಓದಿ ಬರಹದ ಪರೀಕ್ಷೆ ಪಾಸಾದವರಿಗೆ ಇದಕ್ಕಿಂತ ನಷ್ಟ ಬೇರೆ ಇಲ್ಲ.

ಲೆಕ್ಕ ಹೀಗೆ ಹಾಕಿ. 6 ನಿಮಿಷ 30 ಸೆಕೆಂಡ್ ಅಂದರೆ 390 ಸೆಕೆಂಡ್. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡ್ ಚಿಲ್ಲರೆ. ಹೈಸ್ಕೂಲ್ ಮೈದಾನದ 200 ಮೀಟರ್ ಸುತ್ತಾದರೆ ಎಂಟು, ಸುತ್ತಿಗೆ 48 ಸೆಕೆಂಡ್ ಚಿಲ್ಲರೆ. ಈಗ 7 ನಿಮಿಷ 15 ಸೆಕೆಂಡಿಗೆ ಓಡೋ ಹುಡುಗನಿಗೆ 1600 ಮೀಟರನ್ನ ಆ ವೇಗದಲ್ಲಿ ಒಟ್ಟಿಗೆ ಓಡೋಕೆ ಆಗಲ್ಲ, ಆದರೆ 400 ಮೀಟರ್ ಖಂಡಿತ ಆಗುತ್ತೆ. ಹಾಗಾಗಿ 96-97 ಸೆಕೆಂಡಿನ ಒಂದು ಸುತ್ತು, ಎರಡೂವರೆ ನಿಮಿಷ ನಡಿಗೆ, ಹೀಗೆ ನಾಲ್ಕು ಸಲ. ಬ್ಯಾನಿಸ್ಟರ್ ವಿರಾಮವನ್ನ ಹಾಗೇ ಇಟ್ಟು ವೇಗ ಹೆಚ್ಚಿಸಿಕೊಂಡರು. ಇಲ್ಲಿ ಬೇಕಾದ ವೇಗ ಮೊದಲೇ ಗೊತ್ತಿರೋದರಿಂದ ವೇಗ ಮುಟ್ಟೋದು ಬೇಡ, ವಿರಾಮವನ್ನೇ ಕತ್ತರಿಸ್ತಾ ಬನ್ನಿ. ಒಂದೆರಡು ವಾರ ಬಿಟ್ಟು ಎರಡು ನಿಮಿಷ, ಆಮೇಲೆ ಒಂದೂವರೆ, ಆಮೇಲೆ ಒಂದು. ನಾಲ್ಕನೇ ಸುತ್ತೂ ಮೊದಲನೇ ಸುತ್ತಿನಷ್ಟೇ ಟೈಮಿಗೆ ಬರಬೇಕು. ಮೊದಲನೇದು 88, ಕೊನೇದು 110 ಬಂದರೆ ಅದು ಜಂಬದ ಓಟ.

ವಾರಕ್ಕೆ ಎರಡೇ ದಿನ, ನಡುವೆ ಕನಿಷ್ಠ ಎರಡು ದಿನ ಅಂತರ. ಉಳಿದ ದಿನ ಮಾತಾಡ್ತಾ ಓಡೋ ಅಷ್ಟು ನಿಧಾನ. ನಿಧಾನದ ದಿನ ನಿಧಾನವಾಗೇ ಓಡೋದು ಹುಡುಗರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ!

ಗುಂಪಿನಲ್ಲಿ ಎಲ್ಲರನ್ನೂ ಹೇಗೆ ಸೇರಿಸೋದು?

ಇಪ್ಪತ್ತರ ಹುಡುಗ, ನಲವತ್ತೈದರ ಅಂಗಡಿಯವರು, ಈಗಷ್ಟೇ ಶುರು ಮಾಡಿದ ಅಕ್ಕಂದಿರು ಒಟ್ಟಿಗೆ ಓಡಿದರೆ ಹಿಂದೆ ಬಿದ್ದವರು ಮುಂದಿನ ವಾರ ಬರಲ್ಲ. ಅದಕ್ಕೆ ದೂರದ ಬದಲು ಸಮಯ ಹಿಡೀಬೇಕು. ಒಂದು ಗೆರೆಯಿಂದ ಎಲ್ಲರೂ ಒಟ್ಟಿಗೆ ಹೊರಟು ಒಂದು ನಿಮಿಷ ಅವರವರ ಜೋರಿನಲ್ಲಿ ಓಡಿ. ಚಪ್ಪಾಳೆ ಕೇಳಿದಲ್ಲೇ ತಿರುಗಿ, ಎರಡು ನಿಮಿಷದಲ್ಲಿ ಹೊರಟ ಗೆರೆಗೆ ವಾಪಸ್. ಹುಡುಗ 280 ಮೀಟರ್ ಹೋಗಿರ್ತಾನೆ, ಅವನು ಹೆಜ್ಜೆ ಓಟದಲ್ಲಿ ಬರಬೇಕು. 150 ಮೀಟರ್ ಹೋದವರು ನಡೆದೇ ಬರಬಹುದು. ಮೂರನೇ ನಿಮಿಷಕ್ಕೆ ಎಲ್ಲರೂ ಗೆರೆ ಮೇಲೆ ಒಟ್ಟಿಗೆ! ಯಾರೂ ಹಿಂದೆ ಇಲ್ಲ, ಯಾರಿಗೂ ಕಾಯೋ ಹಾಗಿಲ್ಲ. ಆರು ಸಲ ಆದರೆ ಹದಿನೆಂಟು ನಿಮಿಷ. ಮುಂಚೆ ಹತ್ತು-ಹದಿನೈದು ನಿಮಿಷ ಮೈ ಬಿಸಿ ಮಾಡೋದು, ಕೊನೆಗೆ ಹತ್ತು ನಿಮಿಷ ನಡಿಗೆ ಸೇರಿಸಿದರೂ ಮುಕ್ಕಾಲು ಗಂಟೆಯೊಳಗೆ ಮುಗೀತು.

ಇದಕ್ಕೆ ಮುನ್ನೂರು ಮೀಟರ್ ನೇರ ಜಾಗ ಬೇಕು. ಟ್ರ್ಯಾಕ್‌ನಲ್ಲಿ ಹೀಗೆ ತಿರುಗಿ ಬಂದರೆ ಎದುರಿನವರಿಗೆ ಡಿಕ್ಕಿ ಗ್ಯಾರಂಟಿ. ಭದ್ರಾ ನಾಲೆ ಪಕ್ಕದ ಮಣ್ಣಿನ ದಾರಿ ಕಾಲಿಗೂ ಒಳ್ಳೆಯದು, ಆದರೆ ಕತ್ತಲಲ್ಲಿ ಬೇಡ. ನಾಲೆಯಲ್ಲಿ ನೀರು ಬಿಟ್ಟಿರೋ ದಿನಗಳಲ್ಲಂತೂ ಬೆಳಕು ಹರಿಯೋವರೆಗೆ ಕಾಯಿರಿ. ಹೆದ್ದಾರಿ 48ರ ಸರ್ವಿಸ್ ರಸ್ತೆ ಬೇಡವೇ ಬೇಡ. ಸುಗ್ಗಿಯಲ್ಲಿ ಊರ ರಸ್ತೆಗಳ ಮೇಲೆ ಭತ್ತ, ಮೆಕ್ಕೆಜೋಳ ಒಣಗಲು ಹಾಕಿರ್ತಾರೆ, ಜೋರಿನಲ್ಲಿ ಅದರ ಮೇಲೆ ಕಾಲಿಟ್ಟರೆ ಜಾರೋದೇ. ಡಿಸೆಂಬರ್-ಜನವರಿಯಲ್ಲಿ ಸೂರ್ಯ ಹುಟ್ಟೋದು ಆರೂವರೆ ದಾಟಿದ ಮೇಲೆ. ಆಗ ತಿಳಿ ಬಣ್ಣದ ಅಂಗಿ ಹಾಕಿ, ವಾಹನಕ್ಕೆ ಎದುರಾಗಿ ಓಡಿ, ಕಿವಿಗೆ ಇಯರ್‌ಫೋನ್ ಬೇಡ. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ ನಡೆಯಿರಿ. ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ತಗೊಳ್ಳಿ.

ಮನೆಗಳ ಹತ್ತಿರ ಐದೂವರೆಗೆ ಸೀಟಿ ಊದಬೇಡಿ. ಒಳಗಿನ ಸುತ್ತನ್ನ ಓಡೋರಿಗೆ, ಹೊರಗಿನದನ್ನ ವಾಕಿಂಗ್ ಹಿರಿಯರಿಗೆ ಅಂತ ಬಿಟ್ಟುಕೊಂಡರೆ ಜಗಳವೂ ಇಲ್ಲ.

ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೆ

ದಿನಕ್ಕೆ ಹನ್ನೆರಡು ಗಂಟೆ ಗಲ್ಲಾ ಮುಂದೆ ಕೂತು, ಸಂಜೆ ಮಂಡಕ್ಕಿ-ಮೆಣಸಿನಕಾಯಿ ತಿಂದು ಬಂದ ದೇಹವನ್ನ ಏಕಾಏಕಿ ಓಡಿಸಬಾರದು. 2021ರ ಅಕ್ಟೋಬರ್ 29ರಂದು 46 ವರ್ಷದ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ವ್ಯಾಯಾಮ ಅಂದರೇ ಭಯ ಬೀಳೋರು ಊರೂರಲ್ಲೂ ಇದ್ದಾರೆ. ಭಯಕ್ಕೆ ಮನೇಲಿ ಕೂರೋದು ಪರಿಹಾರ ಅಲ್ಲ, ಕೂತಿರೋದೇ ಹೃದಯಕ್ಕೆ ದೊಡ್ಡ ಅಪಾಯ. ಆದರೆ ನಲವತ್ತು ದಾಟಿದವರು, ಬಿಪಿ, ಶುಗರ್ ಇದ್ದವರು, ಬೀಡಿ-ಸಿಗರೇಟು ಅಭ್ಯಾಸದವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಆಗಿದ್ದವರು ಮೊದಲು ಡಾಕ್ಟರಿಗೆ ತೋರಿಸಿಕೊಂಡು, ಇಸಿಜಿ ಮಾಡಿಸಿ ಆಮೇಲೆ ಬರಬೇಕು. ಇಸಿಜಿ ಸರಿ ಇದೆ ಅಂದ ಮಾತ್ರಕ್ಕೆ ಎಲ್ಲಾ ಸರಿ ಅಂತಲೂ ಅಲ್ಲ, ಅದಕ್ಕೇ ಶುರು ನಿಧಾನ ಇರಬೇಕು.

ಮೊದಲ ಆರು ವಾರ ಬರೀ ಬಿರುಸು ನಡಿಗೆ. ಆಮೇಲೆ ಅರ್ಧ ನಿಮಿಷ ಹಗುರ ಓಟ, ಒಂದೂವರೆ ನಿಮಿಷ ನಡಿಗೆ, ಆರೆಂಟು ಸಲ. ಓಡುವಾಗ ನಾಲ್ಕು ಪದ ಹೇಳೋಕೆ ಆಗಬೇಕು. ಒಂದೂ ಹೊರಡದಿದ್ದರೆ ನಿಮ್ಮ ವಯಸ್ಸಿಗೆ ಅದು ಅತಿ ಆಯ್ತು. ಪಕ್ಕದ ಅಂಗಡಿಯವರ ಜೊತೆ ಪೈಪೋಟಿ ವ್ಯಾಪಾರದಲ್ಲಿ ಇರಲಿ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಖಾಲಿ ಹೊಟ್ಟೆಯಲ್ಲಿ ಓಡಿದರೆ ಸಕ್ಕರೆ ಧಡಕ್ಕನೆ ಇಳಿಯಬಹುದು. ಅರ್ಧ ಬಾಳೆಹಣ್ಣು ತಿಂದು ಬನ್ನಿ, ಜೇಬಲ್ಲಿ ಬೆಲ್ಲವೋ ಗ್ಲೂಕೋಸೋ ಇರಲಿ. ಜೋರು ಓಟ ಆದ ತಕ್ಷಣ ಟೆಸ್ಟ್ ಮಾಡಿದರೆ ಕೆಲವರಿಗೆ ಸಕ್ಕರೆ ಹೆಚ್ಚೇ ತೋರಿಸುತ್ತೆ. ಗಾಬರಿ ಬೇಡ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಆದರೆ ಮಾತ್ರೆಯ ಪ್ರಮಾಣ ನೀವೇ ಬದಲಿಸಬೇಡಿ.

ಓಡುವಾಗ ಎದೆ ಬಿಗಿ ಹಿಡಿದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿದು ಅಂಗಡಿಗೆ ಹೋಗಿ ಕೂರೋದು ನಮ್ಮ ಕಡೆ ರೂಢಿ, ಅಲ್ಲೇ ಅಮೂಲ್ಯ ಒಂದು ಗಂಟೆ ಕಳೆದುಹೋಗುತ್ತೆ. 108ಕ್ಕೆ ಫೋನ್ ಮಾಡಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೃದಯಾಘಾತ ಖಚಿತವಾದರೆ ರಕ್ತದ ಗಡ್ಡೆ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಅಂತ ಗುಂಪಿನಲ್ಲಿ ಒಬ್ಬರು ಇವತ್ತೇ ಹೋಗಿ ಕೇಳಿಕೊಂಡು ಬನ್ನಿ. ಎದೆ ಒತ್ತಿ ಜೀವ ಉಳಿಸೋ ವಿಧಾನವನ್ನೂ, ಅಂದರೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಎದೆಯ ನಡುವೆ ಜೋರಾಗಿ ಒತ್ತೋದನ್ನ, ಇಬ್ಬರು ಮೂವರಾದರೂ ಕಲಿತಿರಬೇಕು.

ದಿನ ಯಾವುದು ಅಂತ ಗುಂಪು ಸೇರಿ ತೀರ್ಮಾನಿಸುವಾಗ ಊರ ಸಂತೆ ದಿನ ಬಿಟ್ಟುಬಿಡಿ. ಅವತ್ತು ಅಂಗಡಿಯವರು ಐದಕ್ಕೇ ಲೋಡ್ ಇಳಿಸಬೇಕು, ಅರ್ಧ ಗುಂಪು ಬರಲ್ಲ. ಜ್ವರ, ನೆಗಡಿ ಇದ್ದಾಗಲೂ ಬರಬೇಡಿ, ಪೂರ್ತಿ ಬಿಟ್ಟ ಮೇಲೆ ಒಂದು ವಾರ ನಡಿಗೆ ಮಾಡಿ ಮತ್ತೆ ಗುಂಪು ಸೇರಿಕೊಳ್ಳಿ.